ಬೆಣ್ಣೆ ಊಟ ಬಿಟ್ಟ ಕಾರಣ

ಅಪ್ಪಯ್ಯನಿಗೆ,

ಇದೊಂದನ್ನು ಬರೆಯದೇ ಬಿಡೋಣ ಎಂದುಕೊಂಡಿದ್ದೆ. ನಿಮ್ಮ ಬೆಕ್ಕು ಬೆಣ್ಣೆಯ ಕಿಡ್ನಿಯಲ್ಲಿ ಕಲ್ಲಿದೆ ಎಂದು ಡಾಕ್ಟರು ಹೇಳಿದಾಗ ನನಗೆ ಮೊದಲು ಆದದ್ದು ಗಾಬರಿಯಲ್ಲ, ನಿರಾಸೆ. ಬೆಣ್ಣೆ ನಿಮಗಾಗಿಯೇ ಊಟ ಬಿಟ್ಟಿದ್ದಾಳೆ ಎಂದು ನಂಬಿಕೊಂಡಿದ್ದೆ.

ನೀವು ತೀರಿಹೋದ ವಾರ ನೆನಪಾಗುತ್ತದೆ. ನವರಂಗಪುರದ ನಿಮ್ಮ ಮನೆ ತುಂಬ ನೆಂಟರು. ಬೆಣ್ಣೆ ಮಾತ್ರ ನಿಮ್ಮ ಮಂಚದ ಕೆಳಗೆ. ಮೊಸರನ್ನ ಮೂಸಿ ಮುಖ ತಿರುಗಿಸಿದಳು. ಕುಂದಾಪುರದಿಂದ ಬಂದಿದ್ದ ಅತ್ತೆ ಎಲ್ಲರನ್ನೂ ಕರೆದು ತೋರಿಸಿದರು: "ಕಾಣಿ, ಅಣ್ಣಯ್ಯ ಇಲ್ದೆ ಒಂದ್ ತುತ್ತೂ ತಿಂತಿಲ್ಲ. ನಮ್ಗೇ ಇಲ್ದಿದ್ ಸೂತಕ ಈ ಬೆಕ್ಕಿಗೆ!" ಎಲ್ಲರೂ ಕಣ್ಣೊರೆಸಿಕೊಂಡರು. ನಾನೂ. ನನಗೆ ತೋರಿಸಲು ಬಾರದ ದುಃಖವನ್ನು ಅವಳಾದರೂ...

ವಡೋದರಾದ ನನ್ನ ಮನೆಗೆ ಕರೆತಂದ ದಿನ ವಾಂತಿ ಮಾಡಿಕೊಂಡಳು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ರಕ್ತ, ಮೂತ್ರ ಪರೀಕ್ಷಿಸಿ, ಎಕ್ಸ್‌ರೇ, ಸ್ಕ್ಯಾನ್ ಎರಡೂ ಮಾಡಿದರು. ಅಪ್ಪನ ನೆನಪಿನಿಂದ ಹೀಗಾಗಿದೆ ಎಂದೆ. "ಬೆನ್, ನೆನಪು ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣೋದಿಲ್ಲ," ಎಂದರು, ಗುಜರಾತಿಯಲ್ಲಿ ಅಕ್ಕಾ ಎಂದು ಕರೆದೇ. ಎಡ ಕಿಡ್ನಿಯಲ್ಲಿ ಸಾಸಿವೆ ಕಾಳಿನಂಥ ಚುಕ್ಕೆ. "ಬೆಕ್ಕು ನೋವನ್ನು ಬಚ್ಚಿಡುತ್ತೆ. ಊಟ ಬಿಟ್ಟ ಕೂಡಲೇ ತರಬೇಕಿತ್ತು."

ಈ ಬಗೆಯ ಕಲ್ಲು ಔಷಧಿಗೆ ಕರಗುವುದಿಲ್ಲವಂತೆ. ಕೆಳಗೆ ಜಾರಿ ಮೂತ್ರದ ದಾರಿ ಕಟ್ಟಿದರೆ ಜೀವಕ್ಕೇ ಅಪಾಯ. ಅಲ್ಲಿಯವರೆಗೆ ಆಪರೇಷನ್ ಬೇಡ. ಹೆಚ್ಚು ನೀರು ಕುಡಿಸಬೇಕು, ಊಟವನ್ನೂ ನೀರು ಬೆರೆಸಿ ಕೊಡಬೇಕು, ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ಡ್ರಿಪ್ ಹಾಕಿಸಿ ಮನೆಗೆ ತಂದರೆ, ಬಟ್ಟಲಿನ ನೀರನ್ನು ಅವಳು ತಿರುಗಿಯೂ ನೋಡಲಿಲ್ಲ.

ಆಗ ನಿಮ್ಮ ದನಿ ನೆನಪಾಯಿತು. ಹೋಟೆಲಿನಲ್ಲಿ ಸಪ್ಲೈಯರುಗಳನ್ನು ಗದರುತ್ತಿದ್ದಿರಲ್ಲ, "ಆರ್ಡರ್ ಆಮೇಲ್ ಕೇಳಿ, ಮೊದ್ಲ್ ನೀರ್ ಇಡಿ!" ಎಂದು. ನಿಮ್ಮ ಹೋಟೆಲಿನ ಸ್ಟೀಲ್ ಲೋಟಗಳನ್ನು ಅಂಚಿನವರೆಗೆ ತುಂಬಿ ಕೋಣೆಗೊಂದರಂತೆ ಇಟ್ಟೆ. ತಕರಾರಿನ ಗಿರಾಕಿಯ ಹಾಗೆ ಎಲ್ಲವನ್ನೂ ಮೂಸಿ, ಕಿಟಕಿಯ ಬಳಿಯದನ್ನು ಕುಡಿದಳು.

ಈಗ ತಿನ್ನುತ್ತಾಳೆ. ತಿನ್ನತೊಡಗಿದ ಮೇಲೆ ಇನ್ನೊಂದು ಶುರುವಾಗಿದೆ. ನೀವು ಹೋಟೆಲಿಗೆ ಹೊರಡುತ್ತಿದ್ದ ಬೆಳಗಿನ ಹೊತ್ತಿಗೆ ನನ್ನ ಬಾಗಿಲ ಮುಂದೆ ಕೂತು ಕೂಗುತ್ತಾಳೆ. ಇಷ್ಟು ದಿನ ನೋವಿನಲ್ಲಿ ನಿಮ್ಮನ್ನು ಹುಡುಕಲೂ ಆಗಿರಲಿಲ್ಲವೇ? ಅಥವಾ ಇದಕ್ಕೂ ಬೇರೇನೋ ಕಾರಣ... ಡಾಕ್ಟರಿಗೆ ಹೇಳಿದ್ದೇನೆ. ಈ ಸಲ ನಾನಾಗಿ ಅರ್ಥ ಹಚ್ಚುವುದಿಲ್ಲ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತೇನೆ. ಇಬ್ಬರೂ ಬಾಗಿಲು ನೋಡುತ್ತೇವೆ.

ಮಂಗಳವಾರ ಮತ್ತೆ ಸ್ಕ್ಯಾನ್. ಕಲ್ಲು ಇದ್ದಲ್ಲೇ ಇದೆಯೋ, ಜಾರಿದೆಯೋ ಅಂದು ತಿಳಿಯುತ್ತದೆ. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಇಲ್ಲೇ ಕೆಳಗೆ ಬರೆದು ನವರಂಗಪುರದ ಮನೆಯ ವಿಳಾಸಕ್ಕೆ ಕಳಿಸುತ್ತೇನೆ. ಬೀಗ ಹಾಕಿದ ಬಾಗಿಲಿನಡಿ ತೂರಿ ಬಿದ್ದಿರಲಿ. ನಿಮ್ಮ ಬೆಕ್ಕಿನ ಸುದ್ದಿ ನಿಮಗೆ ತಲುಪದೆ ಇರಬಾರದು.

ಅಂಚೆಗೆ ಹಾಕುವುದು: ಬರುವ ಮಂಗಳವಾರ, ಹದಿನೆಂಟನೇ ತಾರೀಕು.