ಕೆಂಪಿಯ ವರದಿಯಲ್ಲಿ ಇಲ್ಲದ್ದು

ಪರಮೇಶ್ವರಿ ಅಕ್ಕನಿಗೆ, ಡಾಕ್ಟರ್ ಭವಿತಾಳ ನಮಸ್ಕಾರಗಳು.

ನಿಮ್ಮ ದನ ಕೆಂಪಿಯ ಪರೀಕ್ಷೆಯ ವರದಿ ನಿನ್ನೆ ಬಂತು. ಹೊಟ್ಟೆಯಲ್ಲಿ ವಿಷ ಇರಲಿಲ್ಲ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಉಳಿದದ್ದಕ್ಕೆ ಬಾಯಿ ಬರುತ್ತಿಲ್ಲ, ಬರೆಯುತ್ತಿದ್ದೇನೆ.

ಆ ಮಂಗಳವಾರ ಕೋಡಿಂಬಾಳದ ನಿಮ್ಮ ಹಟ್ಟಿಗೆ ಬಂದಾಗ ಕೆಂಪಿ ಕರು ಹಾಕಿ ಎರಡು ದಿನವಾಗಿತ್ತು. ಕುತ್ತಿಗೆ ಹೊರಳಿಸಿ ಮಲಗಿತ್ತು. ಕ್ಯಾಲ್ಸಿಯಂ ಕೊಟ್ಟರೆ ಏಳುತ್ತದೆ ಎಂದೆ. ಆ ಔಷಧವನ್ನು ರಕ್ತನಾಳಕ್ಕೆ ನಿಧಾನವಾಗಿ ಬಿಡಬೇಕು, ನಡುನಡುವೆ ಎದೆಬಡಿತ ಕೇಳುತ್ತಿರಬೇಕು; ಬೇಗ ಹೋದರೆ ಹೃದಯ ನಿಂತುಬಿಡಬಹುದು. ಇನ್ನೊಂದು ಮನೆಯವರು ಫೋನ್ ಮಾಡುತ್ತಲೇ ಇದ್ದರು. ಬೇಗ ಇಳಿಯಲಿ ಎಂದು ನಾನು ಬಾಟಲಿಯನ್ನು ಎತ್ತರಕ್ಕೆ ಹಿಡಿದೆ. ಅದು ಖಾಲಿಯಾಗುವ ಮೊದಲೇ ಕೆಂಪಿ ನಡುಗಿ, ಕಾಲು ಚಾಚಿ ಪ್ರಾಣ ಬಿಟ್ಟಿತು.

ನೀವು ನನ್ನನ್ನು ಏನೂ ಕೇಳಲಿಲ್ಲ. ಬೇಲಿಯಾಚೆ ನೋಡಿ, "ಹೋದ ವಾರ ಇದು ಸಲಾಂನ ರಬ್ಬರ್ ತೋಟಕ್ಕೆ ನುಗ್ಗಿತ್ತು. ಅವನೇ ಎಂತದೋ ಹಾಕಿದ್ದು" ಎಂದಿರಿ. ನಾನು ಸುಮ್ಮನಿದ್ದೆ. ಸುದ್ದಿ ಕೇಳಿ ಬಂದ ಸಲಾಂ ಅವರೇ ಹೇಳಿದ್ದು, "ಕೊಯ್ದು ನೋಡಿ ಡಾಕ್ಟ್ರೆ, ಲ್ಯಾಬಿಗೆ ಕಳಿಸಿ. ನನ್ನ ಹಟ್ಟಿಯಲ್ಲೂ ದನ ಉಂಟು. ನಾನು ಹಾಗೆ ಮಾಡುದಾ?"

ಬೇಡ ಎನ್ನಲು ನನಗೆ ಕಾರಣವಿರಲಿಲ್ಲ. ಹಟ್ಟಿಯ ಹಿಂದೆ ಕೊಯ್ದೆ. ಲಿವರ್, ಮೂತ್ರಪಿಂಡ, ಹೃದಯದ ತುಂಡು, ಹೊಟ್ಟೆಯೊಳಗಿನ ಮೇವು, ಒಂದೊಂದನ್ನೂ ಬೇರೆ ಬೇರೆ ಬಾಟಲಿಗೆ ಹಾಕಿ, ಅರಗಿನಿಂದ ಮುಚ್ಚಿ, ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟೆ. ಜೊತೆಗೆ ಒಂದು ಫಾರಂ ತುಂಬಬೇಕು: ಪ್ರಾಣಿಗೆ ಏನಾಗಿತ್ತು, ಯಾವ ಔಷಧ, ಹೇಗೆ ಕೊಟ್ಟದ್ದು. ಲ್ಯಾಬಿನವರು ಪ್ರಾಣಿಯನ್ನು ನೋಡಿರುವುದಿಲ್ಲ, ನಾವು ಬರೆದದ್ದನ್ನೇ ನಂಬುತ್ತಾರೆ. ನಾನು 'ಕ್ಯಾಲ್ಸಿಯಂ, ನಿಧಾನವಾಗಿ' ಎಂದು ಬರೆದೆ. ಪುತ್ತೂರಿಗೆ ಹೋಗಿ ಪೆಟ್ಟಿಗೆ ಕಳಿಸಿ ಬಂದೆ.

ಆಮೇಲಿನ ಮೂರು ವಾರ ನೀವು ಹಾಲಿನ ಡೈರಿಯಲ್ಲಿ ಎಲ್ಲರಿಗೂ ಸಲಾಂ ಹೆಸರು ಹೇಳಿದಿರಿ. ಅವರು ಅಲ್ಲಿಗೆ ಹಾಲು ತರುವುದನ್ನೇ ಬಿಟ್ಟರು. ದಾರಿಯಲ್ಲಿ ಸಿಕ್ಕಿದಾಗಲೆಲ್ಲ ನನ್ನ ಸ್ಕೂಟರಿಗೆ ಕೈ ಅಡ್ಡ ಹಿಡಿದು ರಿಪೋರ್ಟ್ ಬಂತಾ ಎಂದು ಕೇಳುತ್ತಿದ್ದರು. ನಿಮ್ಮ ಮನೆಗೆ ಬಂದರೆ ನೀವು ಮಜ್ಜಿಗೆ ಕೊಡುತ್ತಿದ್ದಿರಿ.

ವರದಿಯಲ್ಲಿ ವಿಷವಿಲ್ಲ, ರೋಗವಿಲ್ಲ, ಸಾವಿನ ಕಾರಣ ತಿಳಿಯಲಿಲ್ಲ ಎಂದಿದೆ. ನನ್ನ ಅವಸರಕ್ಕೆ ನಿಂತ ಹೃದಯ ಗುರುತು ಉಳಿಸುವುದಿಲ್ಲ ಅಕ್ಕಾ. ಇನ್ನು ನನ್ನನ್ನು ಯಾರೂ ಕೇಳುವುದಿಲ್ಲ ಎಂದು ತಿಳಿದಾಗ ನೆಮ್ಮದಿಯಾಗಬೇಕಿತ್ತು, ಬಾಗಿಲು ಹೊರಗಿನಿಂದ ಹಾಕಿದ ಹಾಗಾಯಿತು. ಫಾರಂನಲ್ಲಿ ನಾನು ಬರೆದದ್ದು ಸುಳ್ಳೆಂದು ಲ್ಯಾಬಿಗೂ ಮೇಲಧಿಕಾರಿಗೂ ಇವತ್ತು ಬರೆದು ಕಳಿಸಿದೆ. ಸಲಾಂ ಅವರ ಮನೆಗೂ ಹೋಗಿ ಎಲ್ಲ ಹೇಳಿದೆ. ಅವರು, "ಇದನ್ನು ಡೈರಿಯಲ್ಲಿ ಹೇಳ್ತೀರಾ?" ಎಂದರು.

ನಾಳೆ ಬೆಳಿಗ್ಗೆ ಹಾಲಿನ ಹೊತ್ತಿಗೆ ಹೇಳುತ್ತೇನೆ. ಅದಕ್ಕೆ ಮೊದಲು ನಿಮಗೆ ಗೊತ್ತಿರಬೇಕು. ನಿಮಗೀಗ ಅಲ್ಲಿಗೆ ತರಲು ಹಾಲಿಲ್ಲ. ಆದರೂ ಬನ್ನಿ. ಸಲಾಂ ಬರುತ್ತಾರೆ.

ಕರು ಗಟ್ಟಿಯಾಗಿ ಬೆಳೆಯಲಿ, ನಿಮ್ಮ ಹಟ್ಟಿ ಮತ್ತೆ ತುಂಬಲಿ.

ನಿಮ್ಮ ಎದುರು ನಿಲ್ಲಬೇಕಾದ,
ಭವಿತಾ