ಎಡೆಗೆ ಇಟ್ಟಿದ್ದ ರಮ್ಮು

ದಿಲೀಪ,

ನಿಮ್ಮ ಸೋದರತ್ತೇನ ಕರ್ಕೊಂಡು ಬರೋಕೆ ದಂಡಿಗನಹಳ್ಳಿಗೆ ಹೊರಟೆ. ಮಧ್ಯಾಹ್ನದೊಳಗೆ ಬತ್ತೀನಿ.

ಎದ್ದ ತಕ್ಷಣ ನನ್ನ ಎಲೆ ಅಡಿಕೆ ಕುಟ್ಟಾಣಿ ತೊಳೆದಿಡು. ಪುದೀನ ಜಜ್ಜಿ ಹಂಗೇ ಬಿಟ್ಟಿದ್ದೀಯ.

ರಾಗಿ ಡಬ್ಬದ ಹಿಂದೆ ರಮ್ಮು ಯಾಕಿತ್ತು ಅಂತ ಒಂದು ಮಾತು ಕೇಳಬಾರದಿತ್ತೇನೋ? ನಿಮ್ಮಪ್ಪ ಹೋದಮೇಲೆ ಇದು ಮೊದಲನೇ ಪಿತೃಪಕ್ಷ. ಸಂಜೆ ಎಡೆಯಲ್ಲಿ ಮುದ್ದೆ, ಬಾಡಿನ ಸಾರಿನ ಪಕ್ಕ ಇಡೋಕೆ ಅಂತ ತರಿಸಿದ್ದೆ. ಮೊಬೈಲ್ ನೋಡ್ಕೊಂಡು ರಮ್ಮಿಗೆ ಪುದೀನ, ನಿಂಬೆಹಣ್ಣು ಬೆರೆಸಿ ಅದೇನೋ ಮೊಹಿಟೋ ಮಾಡೋದು ಕಲಿಯೋಕೆ ನಿನಗೆ ಅದೇ ಬಾಟ್ಲಿ ಬೇಕಾಗಿತ್ತಾ? ಎಂಜಲಾದದ್ದನ್ನ ಎಡೆಗೆ ಇಡಂಗಿಲ್ಲ, ಹೊಸದು ತಗೊಂಡು ಬಾ. ಅತ್ತೆ ಮುಂದೆ ಈ ಮಾತು ಎತ್ತಬೇಡ, ನಾನೂ ಎತ್ತಲ್ಲ.

ಲೋಟದ ತಳದಲ್ಲಿ ಮಿಕ್ಕಿದ್ದನ್ನ ನಾಲಿಗೆಗೆ ಹಚ್ಚಿ ನೋಡ್ದೆ. ಚೆನ್ನಾಗೈತೆ ಕಣೋ. ಪಾಪ, ಅವರು ಬರೀ ನೀರು ಬೆರೆಸ್ಕೊಂಡು ಜಗಲಿ ಮೇಲೆ ಒಬ್ಬರೇ ಕುಡಿಯೋರು. ಎದುರಿಗೆ ಇನ್ನೊಂದು ಕುರ್ಚಿ ಹಾಕಿರೋರು, ನೀನು ಬಂದ್ರೆ ಕೂರ್ಲಿ ಅಂತ. ನೀನು ತಲೆ ತಗ್ಗಿಸ್ಕೊಂಡು ಒಳಕ್ಕೆ ಹೋಗ್ಬಿಡ್ತಿದ್ದೆ.

ಇವತ್ತು ಎಡೆಗೆ ಒಂದು ಲೋಟ ಆ ಮೊಹಿಟೋನೇ ಮಾಡಿಡು, ನಿನ್ನ ಕೈಯಾರೆ. ನಿಂಬೆಹಣ್ಣು ಜಾಸ್ತಿ ಹಿಂಡಬೇಡ. ಅವರಿಗೆ ಹುಳಿ ಆಗ್ತಿರಲಿಲ್ಲ.