ಇನ್ನೂರು ವರ್ಷದ ಕೆಮ್ಮು

ತೀರಿಕೊಂಡವರ ಮೇಲೆ ಇಷ್ಟೊಂದು ಅಕ್ಕರೆಯುಳ್ಳ ಮಾನ್ಯ ಸಾಹಿತ್ಯ ಸಂರಕ್ಷಣಾಧಿಕಾರಿಗಳೇ,

ನಾನು ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಿಮ್ಮ ಕಚೇರಿ ಅಚ್ಚು ಹಾಕಿಸಿದ, ನಮ್ಮ ಬಿಕೋಲ್ ಸೀಮೆಯ ಪದ್ಯಗಳ ಪುಸ್ತಕದಲ್ಲಿ, ನಲವತ್ತೊಂದನೇ ಪುಟದಿಂದ ನಲವತ್ತಾರನೇ ಪುಟದವರೆಗೆ, ನಾನು ತೀರಿಕೊಂಡು ಇನ್ನೂರು ವರ್ಷವಾಗಿದೆ. ಅಲ್ಲಿರುವ ಒಂಬತ್ತು ಪದ್ಯಗಳೂ ನನ್ನವು. ಕೆಳಗೆ "ಅಜ್ಞಾತ ಪ್ರಾಚೀನ ಕವಿ" ಎಂದಿದೆ. ನನಗೀಗ ಇಪ್ಪತ್ತೆರಡು. ಕೆರೆ ದಂಡೆಯ ಓಣಿಯಲ್ಲಿ ಕೆಸುವಿನೆಲೆ ಪೊಟ್ಟಣ ಕಟ್ಟಿ, ತೆಂಗಿನಹಾಲಲ್ಲಿ ಬೇಯಿಸಿ ಮಾರುತ್ತೇನೆ. ಇವತ್ತು ಬೆಳಿಗ್ಗೆಯೂ ಮಾರಿದೆ. ಸತ್ತವರು ಅಷ್ಟು ಖಾರ ಹಾಕುವುದಿಲ್ಲ.

ತಪ್ಪು ಹೇಗಾಯಿತೆಂದು ನನಗೆ ಗೊತ್ತು. ಮೂರು ವರ್ಷದ ಹಿಂದೆ, ನಮ್ಮೂರ ಸಂತನ ಹಬ್ಬಕ್ಕೆ, ನಿಮ್ಮ ಕಚೇರಿಯ ಒಬ್ಬ ಅಕ್ಕ ಧ್ವನಿಮುದ್ರಣದ ಯಂತ್ರ ಹಿಡಿದು ತಿಬುರ್ಸಿಯೊ ಮಾವನ ಮನೆಗೆ ಬಂದಿದ್ದರು. ಕಳ್ಳಿನ ಬಟ್ಟಲು ಸುತ್ತು ಬರುತ್ತಿತ್ತು. ಬಟ್ಟಲು ಕೈಗೆ ಬಂದವನು ಎದುರು ಕಂಡ ಯಾರ ಮೇಲಾದರೂ, ಯಾವುದರ ಮೇಲಾದರೂ, ನಿಂತ ನಿಲುವಿನಲ್ಲೇ ನಾಲ್ಕು ಸಾಲು ತಿಗ್ಸಿಕ್ ಕಟ್ಟಿ ಹೇಳಿ ಕುಡಿಯಬೇಕು. ಹೇಳಿಸಿಕೊಂಡವನು ನಾಲ್ಕು ಸಾಲಿನಲ್ಲೇ ಉತ್ತರ ಕೊಡಬೇಕು. ನನಗೆ ಹತ್ತು ಜನರ ಮುಂದೆ ಬಾಯಿ ಬಿಡಲಾಗುವುದಿಲ್ಲ. ಹಾಗಾಗಿ ಅಡುಗೆಮನೆಯ ಪರದೆ ಹಿಂದೆ ಕೂತು ಪದ್ಯ ಕಟ್ಟುತ್ತೇನೆ. ಕಟ್ಟಿಯಾದ ಮೇಲೆ ಒಮ್ಮೆ ಕೆಮ್ಮುತ್ತೇನೆ. ಮಾವ ಪರದೆಗೆ ಒರಗುತ್ತಾನೆ, ಕಿವಿಯಲ್ಲಿ ಹೇಳುತ್ತೇನೆ, ಅವನು ಗಂಟಲು ಬಿಚ್ಚಿ ಹೇಳುತ್ತಾನೆ. ಅಂದು ಬಾಡಿಗೆ ಗಾಡಿ ಓಡಿಸುವ ಕುಲಾಸಣ್ಣ ಎದುರಿಗಿದ್ದ. ಹೇಳಿದ ಒಂಬತ್ತರಲ್ಲಿ ಒಂದು ಇದು:

ಬಟ್ಟಲೆತ್ತುವೆ ಕುಲಾಸಣ್ಣನ ಮೂರು ಗಾಲಿ ಗಾಡಿಗೆ,
ಏರು ಬಂದರೆ ಇಳಿದು ತಳ್ಳುವ ಗಂಡಹೆಂಡಿರ ಜೋಡಿಗೆ;
ಹೋಗಲದಕೆ ಪೆಟ್ರೋಲು ಸಾಕು, ನಿಲ್ಲಲದಕೆ ಪ್ರಾರ್ಥನೆ,
ಇಗರ್ಜಿಗಿಂತ ಇವನ ಸೀಟಲೆ ಹೆಚ್ಚು ದೇವರ ಚಿಂತನೆ!

ಜನ ಬಿದ್ದು ಬಿದ್ದು ನಕ್ಕರು. ಆ ಅಕ್ಕ, "ಯಾರದು ಮಾವ ಈ ಪದ್ಯ?" ಎಂದು ಕೇಳಿದರು.

ಹೊಗಳಿದಾಗ "ನನ್ನದು" ಎನ್ನುವುದು ನಮ್ಮಲ್ಲಿ ನಾಚಿಕೆಗೇಡು. "ಹಿರಿಯರದು" ಎನ್ನಬೇಕು. ಮಾವ ಹಾಗೇ ಎಂದ. "ಹಿರಿಯರದಮ್ಮ."

"ಯಾವ ಹಿರಿಯರು?"

"ತೀರಿಕೊಂಡೋರು."

"ಎಷ್ಟು ವರ್ಷ ಆಗಿರಬಹುದು?"

ಅದು ಮಾವನ ಐದನೇ ಬಟ್ಟಲು. "ಏ, ಇನ್ನೂರಾದ್ರೂ ಆಗಿರ್ಬೇಕು ಬಿಡಿ!"

ಅಷ್ಟೇ ಸ್ವಾಮಿ. ಒಂದು ಬಟ್ಟಲು ಕಡಿಮೆ ಕುಡಿದಿದ್ದರೆ ನನಗೆ ನೂರು ವರ್ಷ ಉಳಿಯುತ್ತಿತ್ತು.

ಇನ್ನು ನಿಮ್ಮ ಅಡಿಟಿಪ್ಪಣಿ. ಮೂರು ಗಾಲಿ ಎಂದರೆ ತ್ರಿಯೇಕ ದೇವರಂತೆ. ಕುಲಾಸ್ ಎಂದರೆ ಒಬ್ಬ ಪುರಾತನ ದಳಪತಿಯಂತೆ. ಪೆಟ್ರೋಲು ನಂತರದವರ ಸೇರ್ಪಡೆಯಂತೆ, ಮೂಲದಲ್ಲಿ "ಹುಲ್ಲು" ಎಂದಿರಬೇಕಂತೆ! ಕುಲಾಸಣ್ಣ ಆ ಪುಟವನ್ನು ಹರಿದು ಗಾಡಿಯ ಗಾಜಿಗೆ ಅಂಟಿಸಿಕೊಂಡಿದ್ದಾನೆ. "ಏಯ್, ದಳಪತಿ ಗಾಡಿ ಕಣ್ರೋ, ಚಪ್ಪಲಿ ಬಿಟ್ ಹತ್ತಿ" ಎನ್ನುತ್ತಾನೆ. ಆದರೆ ಬ್ರೇಕ್ ಮಾತ್ರ ಇನ್ನೂ ರಿಪೇರಿ ಮಾಡಿಸಿಲ್ಲ. ಎಲ್ಲಕ್ಕಿಂತ ಚೆಂದದ್ದು ನಲವತ್ತಮೂರನೇ ಪುಟದಲ್ಲಿದೆ: "ಪ್ರತಿ ಪದ್ಯಕ್ಕೂ ಮುನ್ನ ಒಮ್ಮೆ ಕೆಮ್ಮುವುದು ಪ್ರಾಚೀನ ವಿಧಿಯಾಗಿತ್ತು." ಅದು ನಾನು ಮಾನ್ಯರೇ! ಒಲೆಯ ಹೊಗೆ ಬೇರೆ ಇತ್ತು!

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಈ ವರ್ಷ ನಿಮ್ಮ ತಿಗ್ಸಿಕ್ ಸ್ಪರ್ಧೆಗೆ, ಜೀವಮಾನದಲ್ಲಿ ಮೊದಲ ಸಲ ಧೈರ್ಯ ಮಾಡಿ, ನನ್ನ ಪದ್ಯಗಳನ್ನು ನನ್ನದೇ ಹೆಸರಿನಲ್ಲಿ ಬರೆದು ಕಳಿಸಿದೆ. "ಪ್ರಾಚೀನ ಕೃತಿಯ ಚೌರ್ಯ" ಎಂದು ತಿರಸ್ಕರಿಸಿ, ನನ್ನ ಹೆಸರನ್ನು ನಮ್ಮೂರ ನೋಟಿಸ್ ಹಲಗೆಗೆ ಹಚ್ಚಿದಿರಿ. ನನ್ನ ಹೆಸರು ಅಚ್ಚಿನಲ್ಲಿ ಬಂದಿದ್ದು ಅದೇ ಮೊದಲು. ಈಗ ಸಂತೆಯಲ್ಲಿ, "ಪೊಟ್ಟಣ ನಿಂದೋ, ಇಲ್ಲ ಪೂರ್ವಿಕರದು ಕದ್ದು ತಂದ್ಯೇನೇ?" ಎನ್ನುತ್ತಾರೆ. ನಾನೂ ನಗುತ್ತೇನೆ. ಆದರೆ ಅಮ್ಮ ಆ ಹಲಗೆಯ ಮುಂದಿನ ದಾರಿ ಬಿಟ್ಟು, ಗದ್ದೆ ಬದುವಿನ ಮೇಲೆ ಸುತ್ತಿ ಇಗರ್ಜಿಗೆ ಹೋಗುತ್ತಾಳೆ.

ನಿಮ್ಮ ಕಚೇರಿಗೂ ಬಂದಿದ್ದೆ. ಕಿಟಕಿಯಲ್ಲಿದ್ದ ಗುಮಾಸ್ತರು ದಾಖಲೆ ತೆಗೆದು ನೋಡಿದರು. "ಕವಿ ತೀರಿಕೊಂಡಿದ್ದಾರೆ ಅಂತ ಇದೆಯಲ್ಲಮ್ಮ. ನೀವೇ ಕವಿ ಅಂದ್ರೆ ಮರಣಪತ್ರ ತನ್ನಿ."

"ಸಾರ್, ಮರಣಪತ್ರ ಇದ್ರೆ ನಾನ್ ಹೇಗೆ ಬರ್ಲಿ?"

"ಅದು ನಮ್ಮ ವಿಭಾಗ ಅಲ್ಲ. ಏನ್ ಓದಿದೀರಿ?"

"ಆರನೇ ಕ್ಲಾಸು."

"ನೋಡಿ ಮತ್ತೆ! ಆರನೇ ಕ್ಲಾಸ್ ಓದಿದೋರಿಗೆ ಇಷ್ಟು ಚೆನ್ನಾಗಿ ಬರೆಯೋಕಾಗುತ್ತಾ?"

ನನ್ನ ಪದ್ಯವನ್ನು ಮುಖದ ಮುಂದೆ ಒಬ್ಬರು ಹೊಗಳಿದ್ದು ಅದೇ ಮೊದಲು. ಎಷ್ಟು ಹಿಗ್ಗಾಯಿತೆಂದರೆ, "ಹಿರಿಯರದು ಸಾರ್" ಎಂದುಬಿಟ್ಟೆ! ಅವರು ಅದನ್ನೂ ಬರೆದುಕೊಂಡರು.

ಮಾನ್ಯರೇ, ಬಟ್ಟಲು ಇನ್ನೂ ಸುತ್ತುತ್ತಿರುವಾಗಲೇ ಪದ್ಯಕ್ಕೆ ಗೋರಿ ಕಟ್ಟುವುದು ಸಂರಕ್ಷಣೆಯೇ? ನಮ್ಮ ಸಾಹಿತ್ಯ ಬದುಕಿದೆ ಎಂದರೆ ನಿಮಗೆ ಅಷ್ಟು ಅನುಮಾನವೇಕೆ? ಈ ಸಲ ಸ್ಪರ್ಧೆಯಲ್ಲಿ ಹದಿನಾಲ್ಕು ಜನ, ಪುಸ್ತಕ ಓದಿ, ಶ್ರದ್ಧೆಯಿಂದ ಕೆಮ್ಮಿಯೇ ಪದ್ಯ ಶುರು ಮಾಡಿದರು. ಗೆದ್ದವನು ಎರಡು ಸಲ ಕೆಮ್ಮಿದ. ಹಿಂದಿನ ಸಾಲಿನಲ್ಲಿ ನಿಂತ ನಾನು, ಕಳ್ಳಿ, ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ಮುಂದಿನ ತಿಂಗಳು ಆ ಪುಸ್ತಕ ಶಾಲೆಗಳಿಗಾಗಿ ಮರುಮುದ್ರಣವಾಗುತ್ತದಂತೆ. ಅದಕ್ಕೆ ಮೊದಲು ನಿಮ್ಮದೇ ಧ್ವನಿಮುದ್ರಣವನ್ನು ಹಾಕಿ ಕೇಳಿ. ಕೆಮ್ಮಿನ ಹಿಂದೆಯೇ ಒಂದು ಹೆಣ್ಣಿನ ಪಿಸುಮಾತಿದೆ. ಆ ಪಿಸುಮಾತಿನ ಹೆಸರನ್ನು ಆರು ಪುಟಗಳಲ್ಲಿ ಅಚ್ಚು ಹಾಕಿ, ಹಲಗೆಯ ಮೇಲಿನಿಂದ ತೆಗೆದುಹಾಕಿ. ಆಮೇಲೆ ಹಬ್ಬಕ್ಕೆ ಮಾವನ ಮನೆಗೆ ಬನ್ನಿ. ಪರದೆಯನ್ನು ಆಗಲೇ ಒಗೆಯಲು ಹಾಕಿದ್ದೇನೆ, ಮತ್ತೆ ಕಟ್ಟುವುದಿಲ್ಲ. ನಡುಗುತ್ತಲೇ ಆದರೂ ನಾನೇ ಎದ್ದು ನಿಂತು, ನಿಮ್ಮ ಮೇಲೆಯೇ ಇದನ್ನು ಹೇಳುತ್ತೇನೆ:

ಬಟ್ಟಲೆತ್ತುವೆ ದೊಡ್ಡ ಮೇಜಿನ ಹಿಂದೆ ಕೂತ ದೊರೆಗಳೇ,
ಸತ್ತವರನು ಸಾಕಿ ಸಲಹುವ ಕರುಣೆ ತುಂಬಿದ ಕಣ್ಗಳೇ;
ಬಾಗಿಲಲ್ಲಿ ಬದುಕಿರುವವಳು ಕೆಮ್ಮಿ ಕೆಮ್ಮಿ ನಿಂತೆನಲ್ಲ,
ಕೆಮ್ಮಿಗಾದರೂ ಇಂದಿನ ತೇದಿ ಹಾಕಿಬಿಡಿ, ಬೇರೇನೂ ಬೇಕಿಲ್ಲ.

ಹೇಳಿಸಿಕೊಂಡವರು ಉತ್ತರ ಕೊಡಲೇಬೇಕು. ನಾಲ್ಕೇ ಸಾಲು, ನಿಂತ ನಿಲುವಿನಲ್ಲೇ. ಇದು ಮಾತ್ರ ನಿಜವಾಗಿಯೂ ಹಿರಿಯರ ನಿಯಮ.

ಇಂತಿ, ಕೆಮ್ಮದೆಯೇ,
ಅರ್ಜೆಲಿನ್ ಓರಿತೊ
(ಹಿರಿಯರದಲ್ಲ. ನನ್ನದು.)